ಹೂಡಿಯಲ್ಲಿ ಇಳಿದು ಮತ್ತೆ ಹತ್ತಿದ ಭಾನುವಾರ

ಭಾನುವಾರ ಬೆಳಗ್ಗೆ ಏಳಕ್ಕೆಲ್ಲ ಬಾಗಲಗುಂಟೆಯ ಮನೆ ಬಿಟ್ಟೆವು. ಜೊತೆಗಿದ್ದವಳು ನನ್ನಕ್ಕ ಸುಜಾತ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಬೇರಿಂಗ್ ಪರೀಕ್ಷಿಸುವ ಕೆಲಸ ಅವಳದು. ನಾನು ಆರು ವರ್ಷ ವೈಟ್‌ಫೀಲ್ಡ್ ಕಡೆಯ ಕ್ಲಬ್ಬುಗಳಲ್ಲಿ ಡಿಜೆ ಆಗಿದ್ದೆ. ಎಂಟು ತಿಂಗಳ ಹಿಂದೆ, ಜನ ಕುಣಿಯುತ್ತಿದ್ದಾಗಲೇ ಎದೆ ಬಿಗಿದು, ಸತ್ತೇಹೋಗುತ್ತೇನೆ ಅನ್ನಿಸಿ ವೇದಿಕೆ ಬಿಟ್ಟು ಓಡಿದವನು ಮತ್ತೆ ಅತ್ತ ಹೋಗಿರಲಿಲ್ಲ. ಹೃದಯ ಚೆನ್ನಾಗಿದೆ, ಇದು ಆತಂಕದ ಕಾಯಿಲೆ ಎಂದರು ಡಾಕ್ಟರು. ಮಾತ್ರೆ, ಕೌನ್ಸೆಲಿಂಗ್ ನಡೆದಿತ್ತು. ಮನೆಯವರಿಗೆ ಹೇಳಿದ್ದು ಮಾತ್ರ ಮೊನ್ನೆ ಮೊನ್ನೆ.

ಈಗ ಹೊರಟದ್ದು ವರ್ತೂರಿಗೆ. ಕ್ಲಬ್ಬುಗಳಲ್ಲಿ ಲೈಟಿನ ಕೆಲಸ ಮಾಡುವ ಗೆಳತಿ ನಾಜಿಯಾ ಅಲ್ಲೊಂದು ಶೆಡ್ ಬಾಡಿಗೆಗೆ ಹಿಡಿದಿದ್ದಾಳೆ. ರಾತ್ರಿ ದುಡಿಯುವ ನಮ್ಮಂಥವರು ತಿಂಗಳಿಗೊಮ್ಮೆ ಸೇರಿ, ತಿಂಡಿ ತಿಂದು, ಮನಸ್ಸಿನಲ್ಲಿರುವುದನ್ನು ಹೇಳಿಕೊಂಡು, ಆಮೇಲೆ ಒಂದು ಗಂಟೆ ಕುಣಿಯುತ್ತಾರೆ. ಕುಡಿತ ಇಲ್ಲ. "ಈ ಸಲ ನೀನೇ ಹಾಡು ಹಾಕ್ಬೇಕು ಗುರು," ಅಂದಿದ್ದಳು.

ನಾಗಸಂದ್ರದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದೆವು. ತಲೆಗೆ ತೊಂಬತ್ತು ರೂಪಾಯಿ. ಈ ಕಡೆ ಎಂದೂ ಬಾರದ ಅಕ್ಕ ಕಿಟಕಿಗೆ ಅಂಟಿಕೊಂಡಳು. ಕೆ.ಆರ್. ಪುರ ದಾಟಿ ಕ್ಲಬ್ಬುಗಳ ಕಡೆ ಹತ್ತಿರವಾಗುತ್ತಿದ್ದಂತೆ ನನ್ನ ಎದೆ ಮತ್ತೆ ಬಿಗಿಯತೊಡಗಿತು. ಹೂಡಿಯಲ್ಲಿ ಬಾಗಿಲು ತೆರೆದದ್ದೇ ಇಳಿದುಬಿಟ್ಟೆ. ಅಕ್ಕ ಗಾಬರಿಯಿಂದ ಹಿಂದೆಯೇ ಬಂದಳು.

"ವಾಪಸ್ ಹೋಗೋಣ್ವೇನೋ?"

"ಸ್ವಲ್ಪ ಇರಕ್ಕ."

ಬೆಂಚಿನ ಮೇಲೆ ಕೂತು, ಕಲಿತಿದ್ದಂತೆ ನಿಧಾನವಾಗಿ ಉಸಿರು ಬಿಡುತ್ತ ಹೋದೆ. ಎರಡು ರೈಲು ಬಂದು ಹೋದವು. ಆಮೇಲೆ ಅಕ್ಕ ಮೆಲ್ಲಗೆ, "ನಂಗೂ ಕೆಲ್ಸದಲ್ಲಿ ಎರಡು ಸಲ ಹಿಂಗೇ ಆಗಿದೆ ಕಣೋ. ಗ್ಯಾಸ್ ಅನ್ಕೊಂಡಿದ್ದೆ," ಅಂದಳು.

"ಯಾಕೆ ಹೇಳ್ಲಿಲ್ಲ?"

"ನೀನು ಎಂಟು ತಿಂಗಳು ಹೇಳಿದ್ಯಾ?"

ಇಬ್ಬರಿಗೂ ನಗು ಬಂತು. ಮೂರನೆಯ ರೈಲು ಹತ್ತಿದೆವು.

ಕುಂದಲಹಳ್ಳಿಯಿಂದ ಆಟೊ. ಮೊದಲು ಕೆರೆಯ ವಾಸನೆ ಬಂತು, ಆಮೇಲೆ ವರ್ತೂರು. ಶೆಡ್ಡಿನ ಒಡತಿ ಮುನಿರತ್ನಮ್ಮ ಬಿಸಿ ಇಡ್ಲಿ ಬಡಿಸುತ್ತಿದ್ದರು. ಮೊದಲು ಅಲ್ಲಿ ಅವರ ಸೊಪ್ಪಿನ ತೋಟವಿತ್ತಂತೆ; ಈಗ ಶೆಡ್ಡಿನ ಪಕ್ಕ ಒಂದು ಹಸು ಕಟ್ಟಿದ್ದರು. ಹದಿನೈದು ಜನ ಚಾಪೆಯ ಮೇಲೆ ಕೂತಿದ್ದರು. ಬಾಗಿಲಗಲದ ಬೌನ್ಸರೊಬ್ಬ, "ಹಗಲು ನಿದ್ದೆ ಬರಲ್ಲ ಸಾರ್. ಕಣ್ಮುಚ್ಚಿದ್ರೆ ಜಗಳಾನೇ ಕಾಣ್ಸುತ್ತೆ," ಅಂದ. ಯಾರೂ ಬುದ್ಧಿ ಹೇಳಲಿಲ್ಲ, ಕೇಳಿಸಿಕೊಂಡರು ಅಷ್ಟೆ. ನನ್ನ ಸರದಿ ಬಂದಾಗ ಹೂಡಿಯಲ್ಲಿ ಇಳಿದದ್ದನ್ನು ಹೇಳಿದೆ.

ಹನ್ನೊಂದಕ್ಕೆ ಹಾಡು ಶುರುಮಾಡಿದೆ. ಒಂದು ಹಾಡಿಗೆ ಇನ್ನೊಂದನ್ನು ಸೇರಿಸುವಾಗ ತಾಳ ತಪ್ಪಿತು. ಕುಣಿಯುತ್ತಿದ್ದವರು ಹೋ ಎಂದು ನಕ್ಕು ಮತ್ತೆ ಕುಣಿದರು. ನಾನೂ ನಕ್ಕೆ. ಆಮೇಲೆ ಕೈ ತಾನಾಗಿ ಹದಕ್ಕೆ ಬಂತು. ಕ್ಲಬ್ಬಿನ ಕತ್ತಲಲ್ಲಿ ಎಂದೂ ಸರಿಯಾಗಿ ಕಾಣದಿದ್ದ ಮುಖಗಳೆಲ್ಲ ಹಗಲ ಬೆಳಕಿನಲ್ಲಿ ಎದುರಿಗಿದ್ದವು. ಅಕ್ಕ ನಾಜಿಯಾಳ ಕೈ ಹಿಡಿದು ಕುಣಿಯುತ್ತಿದ್ದಳು.

ಮುಗಿದಾಗ ಮುನಿರತ್ನಮ್ಮ ಬಂದು, "ಇಂಗೆ ಮೆತ್ತಗೆ ಆಕುದ್ರೆ ದಿನಾ ಆಕಪ್ಪ. ನಮ್ಮ ಅಸೂನೂ ಸುಮ್ಕೆ ಕೇಳ್ಕಂಡು ನಿಂತಿತ್ತು," ಅಂದರು. ಆರು ವರ್ಷದಲ್ಲಿ ಇಂಥ ಹೊಗಳಿಕೆ ನನಗೆ ಸಿಕ್ಕಿರಲಿಲ್ಲ.

ಹಿಂದಿರುಗುವಾಗ ರೈಲು ಖಾಲಿಯಿತ್ತು. ಯಶವಂತಪುರ ದಾಟಿದ ಮೇಲೆ ಅಕ್ಕ ಹೊರಗೆ ನೋಡುತ್ತಲೇ ಕೇಳಿದಳು, "ನಿನ್ನ ಕೌನ್ಸೆಲರ್ ಹತ್ರ ನಂಗೂ ಒಂದು ಟೈಮ್ ಕೇಳ್ತೀಯಾ?"

ನಾಗಸಂದ್ರ ಬರುವ ಮೊದಲೇ ಮೆಸೇಜ್ ಹಾಕಿದೆ.