ಶೆಲ್ಫಿನಿಂದ ಬಂದ ಹಲ್ಲು

ನಮ್ಮ ಬೀದಿಯಲ್ಲಿ ಕಟ್ಟುಹಲ್ಲು ತಯಾರಿಸುವವರನ್ನು ಎಲ್ಲರೂ ದವಡೆ ಮೇಷ್ಟ್ರು ಎನ್ನುತ್ತಾರೆ. ಶಾಲೆಯಲ್ಲಿ ಕಲಿಸಿದವರಲ್ಲ, ಬೊಚ್ಚುಬಾಯಿಯವರಿಗೆ ಮತ್ತೆ ಅಗಿಯುವುದನ್ನು ಕಲಿಸುವುದರಿಂದ ಆ ಹೆಸರು. ಮನೆಯ ಮುಂದಿನ ಕೋಣೆಯೇ ಕೆಲಸದ ಜಾಗ. ಗೋಡೆಯುದ್ದದ ಶೆಲ್ಫಿನಲ್ಲಿ ಪ್ಲಾಸ್ಟರಿನ ದವಡೆಗಳು ಸಾಲಾಗಿ ಕೂತಿರುತ್ತವೆ, ಒಳಗೆ ಬಂದವರನ್ನು ಕಂಡು ಮಾತು ನಿಲ್ಲಿಸಿದ ಹಾಗೆ.

ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ಮೇಷ್ಟ್ರು ಮತ್ತು ಒಂದು ನಾಯಿ. ಮರಿಯಾಗಿದ್ದಾಗಲೇ ಹುಬ್ಬು ಬೆಳ್ಳಗಿದ್ದುದರಿಂದ ಆಕೆ ಅದನ್ನು ಮುದುಕ ಎಂದು ಕರೆದಿದ್ದರು. ಈಗ ಅದು ನಿಜಕ್ಕೂ ಮುದುಕ. ಪ್ರತಿ ಸಂಜೆ ಆಕೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು, ಬೆರಳಿಗೆ ಬಟ್ಟೆ ಸುತ್ತಿ ಅದರ ಹಲ್ಲುಜ್ಜುತ್ತಿದ್ದರು. ಮುಂದಿನ ಕೋಣೆಯಲ್ಲಿ ಕಟ್ಟುಹಲ್ಲು ಉಜ್ಜುವ ಯಂತ್ರದ ಮುಂದೆ ಕೂತಿರುತ್ತಿದ್ದ ಮೇಷ್ಟ್ರು ಒಂದು ದಿನವೂ ಎದ್ದು ಹೋಗಿ ನೋಡಿದವರಲ್ಲ.

ಈಗ ಅವರು ಹತ್ತಿರ ಹೋದರೆ ನಾಯಿ ಬಾಯಿ ಬಿಗಿಹಿಡಿಯುತ್ತಿತ್ತು. ವಸಡು ಊದಿತು, ಊಟ ಬಿಟ್ಟಿತು. ದಿನವೂ ಉಜ್ಜದಿದ್ದರೆ ಅರಿವಳಿಕೆ ಕೊಟ್ಟು ಹಲ್ಲು ಕೀಳಬೇಕು, ಈ ವಯಸ್ಸಿನಲ್ಲಿ ಮತ್ತೆ ಏಳುತ್ತದೆಂಬ ಭರವಸೆ ಇಲ್ಲ ಎಂದರು ಪಶುವೈದ್ಯರು.

"ಊರಿನವರ ಬಾಯೆಲ್ಲ ಬಿಡಿಸ್ತೀರಿ, ಒಂದು ನಾಯಿ ಬಾಯಿ ಬಿಡಿಸೋಕೆ ಆಗಲ್ವಾ?" ಎಂದೆ.

"ಊರಿನವರು ಕಚ್ಚಲ್ಲ ಮೇಡಂ. ಹಲ್ಲೇ ಇರಲ್ಲ."

ನಾನು ಹೋಗಿದ್ದು ನನ್ನ ಹೊಸ ಸೆಟ್ಟಿನ ದೂರು ಹೇಳಲು. ಹಾಕಿದ ಗಳಿಗೆಯಿಂದ ಅದು ಸ್ವಂತ ಹಲ್ಲಿನಂತೆ ಕೂತಿತ್ತು. ಮಾತಿನ ನಡುವೆ ಟಕ್ಕೆನ್ನುತ್ತಿತ್ತು, ಅಷ್ಟೇ. "ಕೇಳಿ" ಎಂದು ಹಲ್ಲಿಗೆ ಹಲ್ಲು ತಾಗಿಸಿದೆ.

ಮೂಲೆಯಲ್ಲಿ ಮಲಗಿದ್ದ ನಾಯಿ ಎದ್ದು ಬಂತು. ನನ್ನ ಮೊಣಕಾಲಿನ ಮುಂದೆ ಕೂತು, ತುಟಿ ಮೇಲೆತ್ತಿ, ಕಾಯಿತು.

ಮೇಷ್ಟ್ರ ಕೈ ನಿಂತಿತು. "ಸ್ವಲ್ಪ ತೆಗೀತೀರಾ?" ಎಂದರು. ತೆಗೆದುಕೊಟ್ಟೆ. ತಿರುಗಿಸಿ ನೋಡಿ, ಹಿಂಬದಿಯ ಒಂದು ಬೆಸುಗೆಯ ಮೇಲೆ ಬೆರಳಿಟ್ಟರು.

"ಇದು ನನ್ನ ಹೆಂಡತೀದು. ಸಿಂಕಲ್ಲಿ ಬೀಳಿಸಿ ಸೀಳ್ಕೊಂಡಿದ್ಲು. ನಾನೇ ಸರಿ ಮಾಡಿದ್ದು. ಆಗಾಗ ತೆಗೆದು ಪಾಲಿಶ್ ಮಾಡಿ ಇಡ್ತೀನಿ. ನಿಮ್ಮದರ ಪಕ್ಕದಲ್ಲೇ ಇಟ್ಟಿರಬೇಕು."

"ಹಾಗಾದ್ರೆ ನನಗೆ ಹೇಗೆ ಸರಿಹೋಯ್ತು?"

"ಹೋಗಬಾರದು. ಒಬ್ಬರ ಅಚ್ಚು ಇನ್ನೊಬ್ಬರಿಗೆ ಆಗೋದೇ ಇಲ್ಲ."

ಶೆಲ್ಫಿನಲ್ಲಿ ನನ್ನ ಹೆಸರಿನ ಚೀಟಿ ಹೊತ್ತ ಸೆಟ್ಟು ಇತ್ತು. ನನ್ನ ಬಾಯಿಯ ಅಚ್ಚಿನಿಂದಲೇ ಮಾಡಿದ್ದು. ಹಾಕಿ ನೋಡಿದೆ. ಸಡಿಲವಾಗಿತ್ತು, ಒತ್ತುತ್ತಿತ್ತು, ಪರರದ್ದೆನ್ನಿಸಿತು.

"ಆ ಮೊದಲಿನದನ್ನೇ ತೊಳೆದು ಕೊಡಿ" ಎಂದೆ. "ನಾಯಿ ಕೆಲಸ ಮೊದಲು ಆಗಲಿ."

ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು ಟಕ್ಕೆನಿಸಿದೆ. ಮುದುಕ ಬಾಯಿ ತೆರೆಯಿತು. ಮೇಷ್ಟ್ರು ಬಟ್ಟೆ ಸುತ್ತಿದ ಬೆರಳನ್ನು ಮುಂದಿನ ಹಲ್ಲಿಗೆ ತಾಗಿಸಿದ್ದೇ ತಡ, ಗುರ್ರೆಂದು ಮುಚ್ಚಿಕೊಂಡಿತು. ಮತ್ತೊಮ್ಮೆಯೂ ಅದೇ ಕಥೆ. ಅವರು ಗೋಡೆಗೊರಗಿ ಕೂತರು.

"ಸಾಕು ಮೇಡಂ. ನಾಳೆ ಡಾಕ್ಟರ ಹತ್ತಿರಾನೇ ಕರ್ಕೊಂಡು ಹೋಗ್ತೀನಿ. ಉಳಿದರೆ ಉಳೀತು."

"ಎಡಗಡೆ ದವಡೆ ಹಲ್ಲಿಂದ ಶುರು ಮಾಡಿ" ಎಂದೆ. "ಮುಂದಿನದು ಕೊನೆಗೆ. ಇನ್ನೊಂದು ಕೈ ಕಿವಿ ಹಿಂದೆ ಇರಲಿ, ಇಲ್ಲದಿದ್ರೆ ಹೆದರ್ತಾನೆ."

ಅವರು ಹಾಗೆಯೇ ಮಾಡಿದರು. ನಾಯಿ ಕಣ್ಣು ಅರೆಮುಚ್ಚಿ ಕೊನೆಯ ಹಲ್ಲಿನವರೆಗೂ ಸುಮ್ಮನೆ ಕೂತಿತ್ತು. ಕಣ್ಣು ಅವರ ಕಡೆಗಿರಲಿಲ್ಲ, ನನ್ನ ಬಾಯಿಯ ಮೇಲಿತ್ತು.

ಬಟ್ಟೆ ಬಿಚ್ಚುತ್ತ ಮೇಷ್ಟ್ರು ತಲೆ ಎತ್ತದೆ ಕೇಳಿದರು: "ನಿಮಗೆ ಯಾರು ಹೇಳಿದ್ರು?"

ನಾನು ನಾಯಿ ಸಾಕಿದವಳಲ್ಲ. ಆ ಅಡುಗೆಮನೆಗೆ ಕಾಲಿಟ್ಟಿದ್ದೂ ಅಂದೇ ಮೊದಲು. ಯೋಚಿಸಿದೆ, ಯಾರೂ ಹೇಳಿರಲಿಲ್ಲ.

ಮುದುಕನ ವಸಡು ಇಳಿದಿದೆ. ಹಲ್ಲು ಕೀಳುವ ಮಾತನ್ನು ವೈದ್ಯರು ಕೈಬಿಟ್ಟಿದ್ದಾರೆ. ನನ್ನ ಸೆಟ್ಟು ಶೆಲ್ಫಿನಲ್ಲೇ ಇದೆ. ಸಂಜೆ ಹೋಗಿ ಉಜ್ಜಿ ಬರುವುದು ಈಗ ನಾನೇ. ಬಾಗಿಲು ಮುಂದೆ ಮಾಡಿಕೊಳ್ಳುತ್ತೇನೆ, ಯಂತ್ರದ ಸದ್ದಿಗೆ ನಾಯಿ ಬೆದರುತ್ತದೆ. ಮೇಷ್ಟ್ರು ಎದ್ದು ಬಂದು ನೋಡುವುದಿಲ್ಲ. ಮೇಡಂ ಎನ್ನುವುದನ್ನೂ ಬಿಟ್ಟಿದ್ದಾರೆ. ಯಂತ್ರ ನಿಲ್ಲಿಸಿ ಅಲ್ಲಿಂದಲೇ ಕೂಗುತ್ತಾರೆ:

"ಮುಗೀತೇನೇ?"

"ಮುಗೀತು ರೀ" ಎನ್ನುತ್ತೇನೆ.