ಚೀಟಿ ಕೆಳಗ ರೇಣು ಬರದದ್ದು

ಮುಂಜಾನಿ ಐದೂವರಿ. ಮನೋಳಿ ಕಡಿಂದ ಬರೋ ಮೊದಲನೇ ಬಸ್ಸು ಇನ್ನೂ ಬಂದಿಲ್ಲ. ಪಂಚಾಯ್ತಿ ಹಿಂದ ಒಂದ ಖೋಲಿಯ ಲೈಬ್ರರಿ. ಅದರಾಗ ಬಸವಣ್ಣೆಪ್ಪ ಚಾಪಿ ಹಾಸಿ ನೆಲಕ್ಕ ಕುಂತಾನ. ಮುಂದ ಒಂದು ದಪ್ಪನ ವಹಿ, ಒಂದು ವಾಟಿ ನೀರು, ಒಂದು ಹಸಿ ಅರಬಿ, ಒಂದು ಮೊಂಡ ಚಾಕು. ವಹಿಯ ಹಾಳಿಗೆ ಅಂಟಿಸಿದ ಬಿಳೀ ಚೀಟಿ ಮ್ಯಾಲೆ ಹಸಿ ಅರಬಿ ಇಡತಾನ, ಬಾಯಾಗ ನೂರು ಎಣಸತಾನ, ಆಮ್ಯಾಲೆ ಚಾಕುವಿನ ತುದಿ ಹಾಕಿ ಚೀಟಿ ಹಗೂರಕ ಎಬ್ಬಸತಾನ. ಉಸರ ಹಿಡದಿರತಾನ. ಚೀಟಿ ಕೆಳಗ ನೀಲಿ ಶಾಯಿಯ ಅಕ್ಷರ ಒಂದೊಂದ ಬೆಳಕಿಗೆ ಬರತಾವು.

“ಬಿಸಲು ಏರಿದ್ರ ಆಗೂದಿಲ್ಲರಿ,” ಅಂತಾನ. “ಹಾಳಿ ಒಣಗಿ ಅಂಟು ಕಲ್ಲಿನಂಗ ಆಗತೈತಿ. ಎಬ್ಬಿಸಾಕ ಹೋದ್ರ ಅಕ್ಷರ ಸೈತ ಕಿತಗೊಂಡು ಬರತಾವು. ತಂಪಿನ್ಯಾಗ ಒಂದ ತಾಸು. ವಾರಕ್ಕ ಒಂದು, ಇಲ್ಲಾ ಎರಡು ಚೀಟಿ. ಅಷ್ಟ.”

ಆ ಚೀಟಿ ಹಚ್ಚಿದಾಂವ ಯಾರು? ಇಂವನ. ಬಸವಣ್ಣೆಪ್ಪನ. ಅದನ್ನ ಮುಚ್ಚಿಟ್ಟು ಇಂವನ ಕತಿ ಹೇಳಾಕ ಬರೂದಿಲ್ಲ. ಇಂಥವರ ಬಗ್ಗೆ ಪೇಪರಿನ್ಯಾಗ ಬರೀಬೇಕಾದ್ರ ನಾಕು ಹೊಗಳಿಕಿ ಮಾತು ಹಾಕೋದು ಪದ್ಧತಿ. ಇಂವ ಮೊದಲ ಶರ್ತಾ ಹಾಕ್ಯಾನ: “ಹೊಗಳಾಕ ಬಂದಿದ್ರ ಚಾ ಕುಡದು ಹೋಗ್ರಿ. ಬರೀತೀನಿ ಅಂದ್ರ ಎಲ್ಲಾ ಬರೀರಿ. ಊರ ಹೆಸರು ಬ್ಯಾಡ, ಊರು ಏನೂ ಮಾಡಿಲ್ಲ. ನನ್ನ ಹೆಸರು ಹಾಕ್ರಿ.”

ಹಾಕೇವಿ.

ವಯಸ್ಸು ಐವತ್ನಾಕು. ಲೈಬ್ರರಿ ಕೀಲಿ ಸೊಂಟಕ್ಕ ಬಂದು ಇಪ್ಪತ್ತಾರು ವರ್ಷ. ಕಸಾ ಹೊಡಿಯಾಂವ ಇಂವನ, ಹೊರಗಿನ ಕೊಡದಾಗ ನೀರು ತುಂಬಾಂವ ಇಂವನ, ಮೂರು ಪೇಪರ ಬಿಡಿಸಿ ಮೇಜಿನ ಮ್ಯಾಲೆ ಇಡಾಂವ ಇಂವನ. ಎಂಟು ಗಂಟೇಕ್ಕ ಕಟ್ಟಿಗೆ ಬಂದು ಕುಂದ್ರೋ ಮುದುಕರಿಗೆ ಪೇಪರ ಗಟ್ಟಿ ಓದಿ ಹೇಳತಾನ. ಅವರೊಳಗ ಕಣ್ಣಿನ ಪರೆ ತಗಸದ ಮಡಿವಾಳೆಪ್ಪಜ್ಜ ಒಬ್ಬಾಂವ. ಮೊದಲ ಸತ್ತವರ ಸುದ್ದಿ ಓದು ಅಂತಾನ, ಆಮ್ಯಾಲೆ ಗೋವಿನಜೋಳದ ರೇಟು. ಹರದ ಪುಸ್ತಕ ಬಂದ್ರ ಬಸವಣ್ಣೆಪ್ಪ ದಬ್ಬಣ, ದಾರ ತಗೊಂಡು ಕುಂದರತಾನ. ದೊಡ್ಡವರ ಪುಸ್ತಕ ಎರಡು ಸಾವಿರದ ಎಂಟನೂರು, ಮಕ್ಕಳ ಪುಸ್ತಕ ನಾಕನೂರ ಹತ್ತು. ದಿನಾ ಐವತ್ತು ಮಂದಿ ಬರತಾರ, ಮಳಿ ಇದ್ರ ಎಂಬತ್ತು, ಯಾಕಂದ್ರ ಊರಾಗ ಸೋರಲಾರದ ಸೂರು ಇದೊಂದ. ಹತ್ತಿ ಬಿಡಿಸೋ ಸುಗ್ಗ್ಯಾಗ ಮಕ್ಕಳು ಸಾಲಿ ಬಿಟ್ಟು ಹೊಲಕ್ಕ ಹೋದ್ರ ಸೈಕಲ್ಲಿಗೆ ಎರಡು ಚೀಲ ಕಟಗೊಂಡು ಪುಸ್ತಕ ಅಲ್ಲಿಗೇ ಒಯ್ಯತಾನ. ಇಷ್ಟೆಲ್ಲಾ ಮಾಡಿದಾಂವ ಖರೇನ. ಆದ್ರ ಆ ನಾಕನೂರ ಹತ್ತರಾಗ ಒಂದನ್ನೂ ಇಂವ ಓದಿದ್ದಿಲ್ಲ.

“ಸಣ್ಣ ಹುಡುಗರ ಪುಸ್ತಕ ಅಂದ್ರ ಆಟಿಗಿ ಸಾಮಾನು ಅಂತ ತಿಳದಿದ್ನಿರಿ,” ಅಂತಾನ. “ಆಟಿಗಿ ಸಾಮಾನು ದೊಡ್ಡವರು ಆಡತಾರೇನು?”

ಲೈಬ್ರರ್‍ಯಾಗ ಒಂದು ಅಭಿಪ್ರಾಯದ ವಹಿ ಇರತೈತಿ. ಮಕ್ಕಳು ಪುಸ್ತಕ ಓದಿ ತಮಗ ಅನಿಸಿದ್ದು ಬರೀಬೇಕು, ವರ್ಷಕ್ಕೊಮ್ಮಿ ಮ್ಯಾಲಿನವರು ಬಂದು ನೋಡತಾರ. ನಮ್ಮ ಹುಡುಗರು ಬರೀತಾರೇನು? ಪುಸ್ತಕ ಒಗದು ಓಡತಾರ. ಹಿಂಗಾಗಿ ಬಸವಣ್ಣೆಪ್ಪನ ಅವರ ಹೆಸರಲೆ ಬರಕೋತ ಬಂದಾನ: “ಈ ಪುಸ್ತಕವು ಬಹಳ ಚೆನ್ನಾಗಿದೆ. ಇದರಲ್ಲಿ ನೀತಿ ಇದೆ. ಎಲ್ಲ ಮಕ್ಕಳೂ ಓದಬೇಕು.” ಭೂತದ ಕತಿಗೂ ಅದ, ಗಣಿತದ ಆಟದ ಪುಸ್ತಕಕ್ಕೂ ಅದ.

ಹೋದ ವರ್ಷ ರೇಣು ಬಂದ್ಲು. ಒಂಬತ್ತನೇತ್ತಾ, ಎರಡು ಹೆಳಲು, ಒಂದಕ್ಕ ರಿಬ್ಬನ್ ಇದ್ರ ಒಂದಕ್ಕ ಇಲ್ಲ. ಇಕಿ ಅವ್ವ ಪದ್ಮವ್ವ ಸಾಲ್ಯಾಗ ಬಿಸಿಯೂಟದ ಅಡಗಿ ಮಾಡತಾಳ. ರೇಣು ವಾರಕ್ಕೊಂದು ಪುಸ್ತಕ ಓದಿದ್ಲು, ಮಗ್ಗಲಕ್ಕ ಕುಂತು ವಹ್ಯಾಗ ಬರದ್ಲು. ಹನ್ನೊಂದು ತಿಂಗಳಿಗೆ ನಲವತ್ಮೂರು ಅಭಿಪ್ರಾಯ. ನಿಧಿ ಹುಡುಕೋ ಗೆಳ್ಯಾರ ಕತಿಗೆ ಬರದದ್ದು ಹಿಂಗೈತಿ: “ನಾಕು ಮಂದಿ ಹುಡುಗರು, ಒಬ್ಬಾಕಿ ಹುಡುಗಿ. ಅವರು ಗವಿಯೊಳಗ ಹೋಗತಾರ, ಅಕಿ ಹೊರಗ ಬುತ್ತಿ ಕಾಯತಾಳ. ಬುತ್ತಿ ಕಾಯಾಕ ಕತಿಯೊಳಗ ಯಾಕ ಬರಬೇಕಿತ್ತು, ಮನ್ಯಾಗ ಕಾಯಬಹುದಿತ್ತಲ್ಲ.”

ಮಂತ್ರ ಕಲಸೋ ಸಾಲಿಯ ದಪ್ಪನ ಪುಸ್ತಕಕ್ಕ: “ಮುನ್ನೂರು ಮಕ್ಕಳು ದಿನಾ ಮೂರು ಹೊತ್ತು ಉಣತಾರ. ಅಡಗಿ ಯಾರು ಮಾಡತಾರ, ಪಾತ್ರಿ ಯಾರು ತಿಕ್ಕತಾರ ಅಂತ ಒಂದ ಸಾಲೂ ಇಲ್ಲ. ಮಂತ್ರದಲೆ ಆಗತೈತಿ ಅಂದ್ರ ಆ ಮಂತ್ರ ನಮ್ಮವ್ವಗ ಹೇಳಿ ಕೊಡ್ರಿ.”

ಕಾಲೇಜು ಹುಡುಗ ಹುಡುಗಿಯ ಪ್ರೀತಿ ಕತಿಗೆ: “ಇಂವ ಅಕಿಗೆ ದಿನಾ ಗದರತಾನ, ಫೋನ್ ಕಸಗೋತಾನ, ಅಕಿ ಅಂವನ್ನ ಪ್ರೀತಿ ಮಾಡತಾಳ. ನಮ್ಮ ಕ್ಲಾಸಿನ ಹುಡುಗ್ಯಾರು ಇದನ್ನ ಓದಿ ಅತ್ತಾರ. ನನಗ ಸಿಟ್ಟು ಬಂತು.” ನೀತಿ ಕತಿಗಳಿಗೆ: “ಕತಿ ಮುಗದ ಮ್ಯಾಲೆ ಕೆಳಗ ನೀತಿ ಅಂತ ಬ್ಯಾರೆ ಬರದಾರ. ನಮಗ ತಿಳಿಯಂಗಿಲ್ಲ ಅಂತ ಅವರಿಗೆ ಯಾರು ಹೇಳಿದ್ರು?”

ಎಲ್ಲಾ ಬೈದದ್ದ ಅಂತಲ್ಲ. ಆಡು ಕಳಕೊಂಡ ಹುಡುಗಿಯ ಸಣ್ಣ ಪುಸ್ತಕಕ್ಕ ಹಿಂಗ ಬರದಾಳ: “ಇದು ಭಾಳ ಚಲೋ ಐತಿ. ಅಕಿ ಅಳೂದಿಲ್ಲ, ಆಡಿಗೆ ಬೈಕೋತ ಹುಡುಕತಾಳ. ನಾನೂ ಹಂಗ. ಕೊನೇ ಹಾಳಿ ಹರದಾರ. ಹರದವರ ಕೈ ಸೇದಿ ಹೋಗಲಿ.”

ಈ ವರ್ಷ ಜನವರ್‍ಯಾಗ ಮ್ಯಾಲಿನವರು ಬರತಾರ ಅಂತ ಸುದ್ದಿ ಬಂತು. ಬಸವಣ್ಣೆಪ್ಪ ವಹಿ ತಗದು ಎರಡು ಮೂರು ಸಾಲು ನೋಡಿದಾಂವ ಬೆವತ. “ನೆಂಟರ ಮನ್ಯಾಗ ಉಂಡು ಎದ್ದು ಹೋಗುವಾಗ ಸಾರು ಸಪ್ಪಗಿತ್ತು ಅಂತಾರೇನ್ರಿ? ಸರಕಾರ ಪುಸ್ತಕ ಕಳಿಸೇತಿ, ಈ ಹುಡುಗಿ ಹೆಸರ ಇಡಾಕತ್ತೈತಿ ಅನಿಸ್ತು. ಮುಂದ ಪುಸ್ತಕ ಕಳಸೋದು ಬಿಟ್ಟಾರು ಅಂತ ಅಂಜಿದ್ನಿ.” ಬಿಳೀ ಹಾಳಿ ಕತ್ತರಿಸಿ ನಲವತ್ಮೂರು ಚೀಟಿ ಮಾಡಿದ, ಹೆಣ್ತಿ ಬಾಯವ್ವನ ಕಡಿಂದ ಮೈದಾಹಿಟ್ಟಿನ ಅಂಟು ಕಾಸಿಸಿಕೊಂಡ, ಎಲ್ಲಾದರ ಮ್ಯಾಲೂ ಹಚ್ಚಿದ. ಆಡಿನ ಕತಿಯ ಮ್ಯಾಲೂ ಹಚ್ಚಿದ. ಚೀಟಿ ಮ್ಯಾಲೆ ದುಂಡನ ಅಕ್ಷರದಾಗ ಬರದ: ಬಹಳ ಚೆನ್ನಾಗಿದೆ, ನೀತಿ ಇದೆ, ಓದಬೇಕು. ಕೆಳಗ ರೇಣು ಅಂತ ಹೆಸರು.

ಬಂದವರು ವಹಿ ನೋಡಿ ಖುಷಿಯಾದ್ರು. ಫೆಬ್ರುವರ್‍ಯಾಗ ಸವದತ್ತ್ಯಾಗ ಒಂದು ಸಮಾರಂಭ, ರೇಣುಗ ಉತ್ತಮ ಓದುಗಿ ಅಂತ ಪ್ರಶಸ್ತಿ, ಬಸವಣ್ಣೆಪ್ಪಗ ಶಾಲು. ವೇದಿಕಿ ಮ್ಯಾಲೆ ರೇಣು ಕೈಯಾಗ ವಹಿ ಕೊಟ್ಟು, “ನಿನಗ ಸೇರಿದ್ದ ಒಂದು ಅಭಿಪ್ರಾಯ ಓದವಾ” ಅಂದ್ರು. ಬಸವಣ್ಣೆಪ್ಪ ಮೂರನೇ ಸಾಲಿನ್ಯಾಗ ಶಾಲು ಹೊತಗೊಂಡು ಕುಂತಿದ್ದ. ಹಿಂಗ ಓದಿಸತಾರ ಅಂತ ಅಂವಗ ಕನಸಿನ್ಯಾಗೂ ಇದ್ದಿದ್ದಿಲ್ಲ.

ಹುಡುಗಿ ವಹಿ ತಗದ್ಲು. ಒಂದು ಹಾಳಿ ನೋಡಿದ್ಲು, ಹೊಳ್ಳಿಸಿದ್ಲು. ಇನ್ನೊಂದು ನೋಡಿದ್ಲು. ಬೆರಳಲೆ ಚೀಟಿಯ ಅಂಚು ಮುಟ್ಟಿದ್ಲು. ಮೈಕಿನ್ಯಾಗ ಅಕಿ ಉಸರಾಟ ಕೇಳತಿತ್ತು. ಆಮ್ಯಾಲೆ ಓದಿದ್ಲು: “ಈ ಪುಸ್ತಕವು ಬಹಳ ಚೆನ್ನಾಗಿದೆ. ಇದರಲ್ಲಿ ನೀತಿ ಇದೆ. ಎಲ್ಲ ಮಕ್ಕಳೂ ಓದಬೇಕು.” ಮಂದಿ ಚಪ್ಪಾಳಿ ಹೊಡದ್ರು.

ಹೊಳ್ಳಿ ಬರುವಾಗ ಬಸ್ಸಿನ್ಯಾಗ ಕಿಡಕಿ ಮಗ್ಗಲಕ್ಕ ಕುಂತ ಹುಡುಗಿ ಮನೋಳಿ ದಾಟಿದ ಮ್ಯಾಲೆ ಇಂವನ ಕಡೆ ಹೊಳ್ಳಿದ್ಲು. ಒಂದ ಮಾತು ಕೇಳಿದ್ಲು.

“ಕಾಕಾ, ನನ್ನ ಅಕ್ಷರ ಅಷ್ಟು ಕೆಟ್ಟ ಇದ್ದೂವೇನ್ರಿ?”

ಬಸವಣ್ಣೆಪ್ಪ ಹೂಂ ಅಂದ.

ಈ ಮಾತು ಹೇಳುವಾಗ ಅಂವ ಮಾರಿ ಎತ್ತೂದಿಲ್ಲ, ಹಸಿ ಅರಬಿ ಹಿಂಡಕೋತ ಇರತಾನ. “ಚೀಟಿ ಹಚ್ಚಿದ್ದು ಒಂದು ತಪ್ಪರಿ. ಹೂಂ ಅಂದದ್ದು ಅದಕ್ಕಿಂತ ದೊಡ್ಡದು. ಅಕಿ ನನಗ ತಪ್ಪಿಸಿಕೊಳ್ಳಾಕ ಒಂದು ದಾರಿ ಕೊಟ್ಲು, ನಾ ಓಡಿದೆ.”

ಮರುದಿನದಿಂದ ರೇಣು ಲೈಬ್ರರಿಗೆ ಬರಲಿಲ್ಲ. ಪರೀಕ್ಷಿ ಇರಬೇಕು ಅಂತ ಇಂವ ತನ್ನ ಮನಸ್ಸಿಗೆ ತಾನ ಸಮಾಧಾನ ಹೇಳಕೊಂಡ. ಮಾರ್ಚಿನ್ಯಾಗ ಪದ್ಮವ್ವನ ಬಂದು ಬಾಗಲದಾಗ ನಿಂತ್ಲು. “ಅಣ್ಣಾರ, ಕಾಪಿ ಬರಿಯೋ ಪುಸ್ತಕ ಅದಾವೇನು? ನಮ್ಮ ರೇಣು ಕತಿ ಪುಸ್ತಕ ಮುಟ್ಟವಲ್ಲಳು. ಕುಂತು ಬರೇ ಅಕ್ಷರ ತಿದ್ದತಾಳ. ಅಕ್ಷರ ದುಂಡಗ ಆಗೋತನಕ ಲೈಬ್ರರಿಗೆ ಹೋಗಂಗಿಲ್ಲ ಅಂತಾಳ.”

ಪುಸ್ತಕ ಇಲ್ಲ ಅಂತ ಹೇಳಿ ಕಳಿಸಿದ. ಅವತ್ತ ಉಣ್ಣಲಿಲ್ಲ. ಮರುದಿನ ಮುಂಜಾನಿ ಮೊದಲನೇ ಚೀಟಿ ಎಬ್ಬಿಸಾಕ ಕುಂತ. ಅವಸರ ಮಾಡಿದ, ಅರ್ಧಾ ಹಾಳಿ ಹರದ ಹೋತು. ಹಂಗ ಐದು ಅಭಿಪ್ರಾಯ ಹೋಗ್ಯಾವು. “ಅವುದರಾಗ ಏನ ಬರದಿದ್ಲು ಅಂತ ನನಗ ಗೊತ್ತಿಲ್ಲರಿ,” ಅಂತಾನ. “ಮುಚ್ಚುವಾಗ ಓದಿ ಮುಚ್ಚಿದ್ರ ಗೊತ್ತಿರತಿತ್ತು.”

ಅಕ್ಷರ ಎಬ್ಬಸೋದು ಸರಳ, ಹೋಗಿ ಹೇಳೋದು ಭಾರ. ಅದಕ್ಕ ಇಂವಗ ಜೂನ್ ತನಕ ಧೈರ್ಯ ಬರಲಿಲ್ಲ. ಸಾಲಿ ಸುರು ಆಗಿ ಎರಡನೇ ವಾರ, ಗಂಟಿ ಹೊಡಿಯೋಕ್ಕಿಂತ ಮೊದಲು, ಅಡಗಿ ಖೋಲಿಗೆ ಹೋದ. ತಾಯಿ ಮಗಳು ಮೊರ ಹಿಡಕೊಂಡು ಅಕ್ಕಿ ಹಸನ ಮಾಡಾಕತ್ತಿದ್ರು.

“ರೇಣವ್ವಾ, ನಿನ್ನ ಅಕ್ಷರ ಕೆಟ್ಟ ಇದ್ದಿದ್ದಿಲ್ಲ. ನಾ ಸುಳ್ಳ ಹೇಳಿದೆ.”

ಹುಡುಗಿ ಅಕ್ಕಿ ಬಿಟ್ಟು ತಲಿ ಎತ್ತಲಿಲ್ಲ. “ಹಂಗಾರ ಚೀಟಿ ಯಾಕ ಹಚ್ಚಿದ್ರಿ?”

“ಓದಿದ್ರ ಸಾಹೇಬರು ಬೈದಾರು ಅಂತ.”

“ಯಾರಿಗೆ ಬೈತಿದ್ರು? ನನಗೋ, ನಿಮಗೋ?”

“ನನಗ.”

ಪದ್ಮವ್ವ ಮೊರ ಕೆಳಗಿಟ್ಲು. “ಹತ್ತನೇತ್ತಾ ಬಂದ ಹುಡುಗಿ ನಾಕು ತಿಂಗಳ ಅ ಆ ಇ ಈ ತಿದ್ದೇತಿ, ಅಣ್ಣಾ. ನಿನ್ನ ಮಗಳಾಗಿದ್ರ ಹಿಂಗ ಮಾಡತಿದ್ದಿ?” ಅಷ್ಟು ದಿನ ಬಹುವಚನದಾಗ ಕರದಾಕಿ ಅವತ್ತ ಏಕವಚನಕ್ಕ ಇಳದ್ಲು.

ರೇಣು ಮತ್ತ ಕೇಳಿದ್ಲು. “ಆ ಪುಸ್ತಕ ನೀವು ಓದೀರೇನ್ರಿ ಕಾಕಾ?”

“ಇಲ್ಲವಾ.”

“ಒಂದೂ?”

“ಒಂದೂ ಇಲ್ಲ.”

“ಮತ್ತ ಚೆನ್ನಾಗಿದೆ ಅಂತ ಹೆಂಗ ಬರದ್ರಿ?”

ಗಂಟಿ ಹೊಡೀತು. ಹುಡುಗಿ ಕೈ ಝಾಡಿಸಿ ಕ್ಲಾಸಿಗೆ ಹೋದ್ಲು.

ಬಾಯವ್ವಗ ಇದೆಲ್ಲಾ ಆಮ್ಯಾಲೆ ಗೊತ್ತಾತು. “ಮೂವತ್ತು ವರ್ಷದಾಗ ನನ್ನ ಮುಂದ ಒಂದಿನ ತಪ್ಪಾತು ಅಂದಾವರಲ್ಲ,” ಅಂತಾಳ ಚಾ ಸೋಸಕೋತ. “ಕೂಸಿನ ಮುಂದ ಅಂದು ಬಂದಾರ. ಇರಲಿ, ಎಲ್ಲ್ಯರ ಅಂದ್ರಲ್ಲ. ಅಂಟು ಕಾಸಿ ಕೊಟ್ಟಾಕಿ ನಾನ. ಚಪಾತಿಗೆ ಬರತಿತ್ತು ಆ ಹಿಟ್ಟು.”

ಶಾಲು, ಪ್ರಶಸ್ತಿ ಪತ್ರ ಎರಡೂ ಬಸವಣ್ಣೆಪ್ಪ ಸವದತ್ತಿಗೆ ಹೊಳ್ಳಿ ಕಳಿಸ್ಯಾನ, ಏನು ಮಾಡಿದ್ನಿ ಅಂತ ಚೀಟಿ ಬರದು ಜೋಡಿ ಇಟ್ಟಾನ. ಉತ್ತರ ಇನ್ನೂ ಬಂದಿಲ್ಲ. ಬರೋ ಜನವರಿಗೆ ಮತ್ತ ತಪಾಸಣಿಗೆ ಬರತಾರ. ಈ ಸಲ ವಹಿ ಹೆಂಗೈತಿ ಹಂಗ ಮೇಜಿನ ಮ್ಯಾಲೆ ಇರತೈತಿ. ಕೆಲಸಕ್ಕ ಕುತ್ತ ಬಂದ್ರ? “ಬರಲ್ಯಾಕ,” ಅಂತಾನ. ಅಂದ ಮ್ಯಾಲೆ ದನಿ ಸ್ವಲ್ಪ ಇಳೀತೈತಿ, ಅಂಜಿಕಿ ಇಲ್ಲ ಅಂತಲ್ಲ.

ಈಗ ಆಗಸ್ಟ್. ರೇಣು ಇನ್ನೂ ಬಂದಿಲ್ಲ. ಅಕಿ ಕೇಳಿದ ಮಾತಿಗೆ ಉತ್ತರ ಅಂತ ಬಸವಣ್ಣೆಪ್ಪ ಮಕ್ಕಳ ಪುಸ್ತಕ ಓದಾಕ ಹತ್ಯಾನ. ಯಾವುದರ ಚೀಟಿ ಎದ್ದೈತಿ, ಅದರ ಪುಸ್ತಕ. ಕಟ್ಟಿ ಮ್ಯಾಲೆ ಮಡಿವಾಳೆಪ್ಪಜ್ಜ ಹಲ್ಲಿಲ್ಲದ ಬಾಯಿಲೆ ನಗತಾನ: “ಏ ಬಸ್ಯಾ, ಪೇಪರ ಬಿಟ್ಟು ಹುಡುಗರ ಪುಸ್ತಕ ಹಿಡದಿ, ಹೊಳ್ಳಿ ಒಂದನೇತ್ತಾ ಸೇರಾಂವೇನು?” ಎರಡು ದಿನ ಬಿಟ್ಟು ಅದ ಅಜ್ಜ, “ಆ ಗವಿಯೊಳಗ ಹೋದ ಹುಡುಗರು ಹೊರಗ ಬಂದ್ರೋ ಇಲ್ಲೋ? ಸತ್ತವರ ಸುದ್ದಿ ಆಮ್ಯಾಲೆ ಓದು” ಅಂತಾನ.

ಇವತ್ತ ಮುಂಜಾನಿ ಮೂವತ್ತೆರಡನೇ ಚೀಟಿ ಎದ್ದೈತಿ. ಐದು ಹರದ್ಹೋದವು, ಆರು ಉಳದಾವು. ಇದು ಹಾಳು ಬಂಗ್ಲೆಯ ಭೂತದ ಕತಿ. ಚೀಟಿ ಕೆಳಗ ರೇಣು ಬರದಾಳ: “ಭೂತ ಬರೋಕ್ಕಿಂತ ಮೊದಲ ನಾಯಿ ಬೊಗಳತೈತಿ, ಎಲ್ಲಾ ಪುಸ್ತಕದಾಗೂ ಹಂಗ. ಇದಕ್ಕ ಯಾರೂ ಅಂಜಂಗಿಲ್ಲ.”

ಅದರ ಕೆಳಗ ಬಸವಣ್ಣೆಪ್ಪ ಪೆನ್ನು ಹಿಡದು ಭಾಳ ಹೊತ್ತು ಕುಂದರತಾನ. ‘ಬಹಳ’ ಅಂತ ಬರೀತಾನ, ಕೈ ಹಳೇ ಚಟ ಬಿಡೂದಿಲ್ಲ. ಗೀಟು ಹಾಕಿ ಹೊಡೀತಾನ. ಆಮ್ಯಾಲೆ ತನ್ನ ಮಾತಿನ್ಯಾಗ ಬರೀತಾನ: “ನಾಯಿ ಬೊಗಳಿದ್ದು ಖರೇ ಐತಿ. ಆದ್ರ ನನಗ ಅಂಜಿಕಿ ಬಂತು. ದೀಪ ಹಚ್ಚಿ ಓದಿದೆ.” ಕೆಳಗ ತನ್ನ ಹೆಸರು ಹಾಕತಾನ. ಅದರ ಕೆಳಗ ನಾಕು ಬೆರಳು ಜಾಗಾ ಖಾಲಿ ಬಿಡತಾನ. ಓದಿ ಬರದ ಎಲ್ಲಾ ಹಾಳಿಗೂ ಹಂಗ ಬಿಟ್ಟಾನ.

“ಅಕಿ ಬಂದು ನನಗ ಕಾಕಾ ಅನ್ನಬೇಕು ಅಂತ ಏನೂ ಇಲ್ಲರಿ,” ಅಂತಾನ ವಹಿ ಮುಚ್ಚಿಕೋತ. “ನಾ ಇಲ್ಲದಾಗರ ಬರಲಿ. ನಾ ಬರದದ್ದು ಓದಿ, ಕೆಳಗ ‘ಕಾಕಾ ಬರದದ್ದು ಸುಳ್ಳು’ ಅಂತ ಬರದ್ರೂ ನಡೀತೈತಿ. ಅಕ್ಷರ ಮಾತ್ರ ಅಕೀವು ಇರಬೇಕು. ಮೊದಲ ಹೆಂಗಿದ್ದೂವು, ಹಂಗ.”

ಹೊರಗ ಮೊದಲನೇ ಬಸ್ಸು ಬಂದು ನಿಲ್ಲತೈತಿ. ಬಸವಣ್ಣೆಪ್ಪ ಎದ್ದು ಕಸಬರಗಿ ತಗೋತಾನ.