ಎದುರಿನ ಗಾಡಿಗೆ ಎತ್ತಿದ ಕೈ

ನ್ಯೂಯಾರ್ಕಿನ ವಿಮಾನ ನಿಲ್ದಾಣದ ಸರಕು ಗೇಟಿನಲ್ಲಿ ಮೊದಲ ದಿನವೇ ನಾನು ತಬ್ಬಿಬ್ಬಾದೆ. ಕಾವಲುಗಾರ ಕೇಳಿದ್ದು ಒಂದೇ ಮಾತು: "ನೀನು ಯಾರ ಕಡೆಯವನು?" ಅವನಿಗೆ ಬೇಕಾಗಿದ್ದುದು ಬರೀ ಕಂಪನಿಯ ಹೆಸರು. ನಾನು ಪುರಾಣ ಶುರು ಮಾಡಿದೆ. ನಾನು ಹಾರಿಸುವ ವಿಮಾನ ಯುರೋಪಿನ ಒಂದು ಪುಟ್ಟ ದೇಶದ್ದು. ನನ್ನನ್ನು ನೇಮಿಸಿಕೊಂಡ ಏಜೆನ್ಸಿ ಯಾವುದೋ ದ್ವೀಪದ್ದು, ಆ ದ್ವೀಪವನ್ನು ನಾನು ಕಣ್ಣಿಂದ ಕಂಡವನಲ್ಲ. ಪಾಸ್‌ಪೋರ್ಟ್ ಭಾರತದ್ದು, ಮನೆ ನ್ಯೂಜೆರ್ಸಿಯ ಮೆಟುಚೆನ್‌ನಲ್ಲಿ. ಅವನು ಹೊಟ್ಟೆ ಕುಲುಕಿಸಿ ನಕ್ಕ. "ಒಂದು ಹೆಸರು ಹೇಳು ಸಾಕು, ಬಾಸ್" ಅಂದು ಗೇಟು ತೆಗೆದ.

ಊರಲ್ಲಾಗಿದ್ದರೆ ಈ ಪ್ರಶ್ನೆಗೆ ಉತ್ತರ ಹುಡುಕಬೇಕಿರಲಿಲ್ಲ. ನಾನು ಗದಗ ಡಿಪೊದ ಡ್ರೈವರ್ ಶಿವಪ್ಪನ ಮಗ. ಅಪ್ಪ ಸರ್ಕಾರಿ ಬಸ್ಸು ಓಡಿಸುತ್ತಿದ್ದ. ಅವನ ಖಾಕಿ ಅಂಗಿ ಕಂಡರೆ ಸಾಕು, ಅವನು ಯಾರ ಕಡೆಯವನು ಅಂತ ಇಡೀ ಊರಿಗೆ ಗೊತ್ತಾಗುತ್ತಿತ್ತು. ನನ್ನ ಭುಜದ ಮೇಲೆ ಬಂಗಾರದ ಪಟ್ಟಿಗಳಿವೆ, ಆದರೆ ಅವುಗಳ ಹಿಂದೆ ಯಾರಿದ್ದಾರೆ ಅಂತ ನನಗೇ ಸರಿಯಾಗಿ ಗೊತ್ತಿಲ್ಲ.

ನಾನು ಇಲ್ಲಿಗೆ ಬಂದದ್ದು ಹೆಂಡತಿಯ ಹಿಂದೆ. ಶೈಲಾ ಫಿಸಿಯೋಥೆರಪಿಸ್ಟ್. ಭಾರತದಲ್ಲಿ ನಾನಿದ್ದ ವಿಮಾನ ಕಂಪನಿ ಬಾಗಿಲು ಮುಚ್ಚಿದಾಗ ಅವಳಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಒಂದೂವರೆ ವರ್ಷ ನಾನು ಮಗಳನ್ನು ಶಾಲೆಗೆ ಬಿಟ್ಟು, ಅನ್ನಕ್ಕಿಟ್ಟು, ಟ್ರೇನಿಗೆ ಹೋಗುವವರನ್ನು ಕಿಟಕಿಯಿಂದ ನೋಡುತ್ತ ಕೂತೆ. ಕನ್ನಡದವರ ಸಂಕ್ರಾಂತಿ ಊಟದಲ್ಲಿ ಪಾರ್ಸಿಪನಿ ಊರಿನ ಒಬ್ಬ ಅಂಕಲ್ ಎಲ್ಲರಿಗೂ ನನ್ನನ್ನು "ಕ್ಯಾಪ್ಟನ್" ಅಂತ ಪರಿಚಯಿಸಿದಾಗ ಕೈಯಲ್ಲಿದ್ದ ಎಳ್ಳುಬೆಲ್ಲವನ್ನು ಜೇಬಿಗೆ ಹಾಕಿಕೊಂಡೆ. ಆಮೇಲೆ ಸಿಕ್ಕಿದ್ದು ಈ ಕಾಂಟ್ರ್ಯಾಕ್ಟ್. ಸರಕು ವಿಮಾನ, ಕೋ-ಪೈಲಟ್ ಕುರ್ಚಿ, ಎರಡು ವರ್ಷದ ಕರಾರು. ಅದೇ ಅಂಕಲ್ ಫೋನ್ ಮಾಡಿ ಕೇಳಿದರು, "ಕಂಗ್ರಾಟ್ಸ್! ನಮಗೇನಾದ್ರೂ ಟಿಕೆಟ್ ಡಿಸ್ಕೌಂಟ್ ಸಿಗತ್ತಾ?" "ಡಬ್ಬದೊಳಗೆ ಕೂತ್ಕೊಂಡ್ರೆ ಸಿಗತ್ತೆ ಅಂಕಲ್" ಅಂದೆ. ಆ ದಿನ ಮಾತ್ರ ನಾನು ಮನಸಾರೆ ನಕ್ಕೆ.

ಇಲ್ಲಿ ಮನೆ ಬಾಡಿಗೆಗೆ ಹಿಡಿಯುವುದು ಹೆಣ್ಣು ನೋಡುವ ಶಾಸ್ತ್ರಕ್ಕಿಂತ ಕಷ್ಟ. ಸಂಬಳದ ಚೀಟಿ ಬೇಕು, ಕ್ರೆಡಿಟ್ ಹಿಸ್ಟರಿ ಬೇಕು, ಅಂದರೆ ನೀವು ಸಾಲ ಮಾಡಿ ತೀರಿಸಿದ ಚರಿತ್ರೆ. ಸಾಲ ಮಾಡದವನನ್ನು ಇಲ್ಲಿ ಯಾರೂ ನಂಬುವುದಿಲ್ಲ. ನನಗೆ ಕೆಲಸ ಸಿಕ್ಕ ಮೇಲೆ ನಾವು ನೋಡಿದ ದೊಡ್ಡ ಮನೆಯ ಮಾಲೀಕ, ನನ್ನ ದ್ವೀಪದ ಏಜೆನ್ಸಿಯ ಪತ್ರ ನೋಡಿ ಹುಬ್ಬು ಗಂಟಿಕ್ಕಿದ. ಆಗ ನಮಗೆ ಜಾಮೀನು ನಿಂತವನು ಹೆನ್ರಿಕ್. ನಮ್ಮ ಕಂಪನಿಯ ಕಾಯಂ ಕ್ಯಾಪ್ಟನ್, ಆ ಪುಟ್ಟ ದೇಶದವನೇ, ಇಲ್ಲಿ ನೆಲೆಸಿ ಬಹಳ ವರ್ಷವಾಗಿದೆ. ಹಸಿರು ಬಣ್ಣದ ಹಳೇ ಕಾರಿನಲ್ಲಿ ಬಂದು, ಏನೂ ಕೇಳದೆ ಸಹಿ ಹಾಕಿ, ನಮ್ಮ ಸೋಫಾ ಹೊರಲು ಕೈಯನ್ನೂ ಜೋಡಿಸಿದ.

ಕಳೆದ ವಸಂತದಲ್ಲಿ ಅಪ್ಪ ಮೂರು ತಿಂಗಳಿಗೆ ಬಂದ. ಬಂದ ಮರುದಿನವೇ ಒಂದು ತಮಾಷೆ ಆಯಿತು. ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದವನು ಎದುರಿಗೆ ಬಂದ ಬಸ್ಸಿಗೆ ಥಟ್ಟನೆ ಕೈ ಎತ್ತಿದ. ನಮ್ಮ ಕಡೆ ಬಸ್ಸಿನಲ್ಲಿ ಮುಂದೆ ಕೂತವರಿಗೆಲ್ಲ ಇದು ಗೊತ್ತು: ಎದುರಿನಿಂದ ಇನ್ನೊಂದು ಸರ್ಕಾರಿ ಬಸ್ಸು ಬಂದರೆ ಇಬ್ಬರು ಡ್ರೈವರರೂ ಸ್ಟೇರಿಂಗಿನಿಂದ ಒಂದು ಕೈ ಎತ್ತುತ್ತಾರೆ. ಪರಿಚಯ ಇರಲಿ ಬಿಡಲಿ. ಹಿಂದಿನ ಸೀಟಿನಿಂದ ಮಗಳು ಇಂಗ್ಲಿಷಿನಲ್ಲಿ, "ಅಜ್ಜಾ, ಇಲ್ಲಿ ಯಾರೂ ಬಸ್ಸಿಗೆ ವೇವ್ ಮಾಡಲ್ಲ" ಅಂದಳು. ಅಷ್ಟರಲ್ಲಿ ಆ ಬಸ್ಸಿನ ಚಾಲಕಿ, ತಲೆ ತುಂಬ ಸಣ್ಣ ಜಡೆ ಹಾಕಿಕೊಂಡ ಹೆಂಗಸು, ನಗುತ್ತ ತಾನೂ ಕೈ ಎತ್ತಿದಳು. ಅಪ್ಪನ ಖುಷಿ ಏನು ಕೇಳುತ್ತೀರಿ! "ನೋಡಿದೇನ್ಲೇ ತಮ್ಮಾ? ಎಲ್ಲಿ ಹೋದ್ರೂ ನಮ್ಮ ಮಂದಿ ನಮ್ಮ ಮಂದೀನ" ಅಂದ. ನಮಗೂ ಅಂಥದ್ದೊಂದು ಉಂಟು, ಸಮುದ್ರದ ಮೇಲೆ ನಮ್ಮ ಕಂಪನಿಯ ವಿಮಾನ ಎದುರಾದರೆ ದೀಪ ಮಿಣುಕಿಸುತ್ತೇವೆ ಅಂತ ನಾನು ಹೇಳಿದೆ. ಅದನ್ನು ಅವನು ಎಡಿಸನ್ ಪಾರ್ಕಿನಲ್ಲಿ ಸಿಕ್ಕ ಸಿಕ್ಕ ಅಜ್ಜಂದಿರಿಗೆಲ್ಲ ಹೇಳಿ ಬಂದ. ಅಂದಿನಿಂದ ನಾನು ಡ್ಯೂಟಿಗೆ ಹೊರಟಾಗಲೆಲ್ಲ ಪಾರ್ಕಿಂಗ್ ಲಾಟಿನ ತುದಿಗೆ ಬಂದು ನಿಂತು ನನಗೂ ಹಾಗೇ ಕೈ ಎತ್ತತೊಡಗಿದ. ಮಗನಿಗೆ ಟಾಟಾ ಮಾಡುವ ಹಾಗಲ್ಲ, ಡ್ರೈವರ್ ಡ್ರೈವರನಿಗೆ ಎತ್ತುವ ಹಾಗೆ.

ಒಂದು ಭಾನುವಾರ ಹೆನ್ರಿಕ್ ಊಟಕ್ಕೆ ಬಂದ. ಶೈಲಾ ಜೋಳದ ರೊಟ್ಟಿ, ಎಣಗಾಯಿ ಮಾಡಿದ್ದಳು. ಊಟದ ನಡುವೆ ಅವನು, ಮುಂದಿನ ವಾರ ಕಾಯಂ ಪೈಲಟ್‌ಗಳ ಮುಷ್ಕರ ಅಂದ. ಕಂಪನಿ ಕಾಯಂ ಜನರನ್ನು ಒಬ್ಬೊಬ್ಬರಾಗಿ ತೆಗೆದು ಏಜೆನ್ಸಿಯವರನ್ನು ತುಂಬುತ್ತಿದೆ, ಅದಕ್ಕೇ. ಏಜೆನ್ಸಿಯವರು ಅಂದರೆ ನಾನು. ಅದನ್ನು ಅವನು ನನ್ನ ಮುಖ ನೋಡದೆ ಹೇಳಿದ. ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅಪ್ಪ ನೆಟ್ಟಗೆ ಕೂತ. "ನಾವೂ ಮಾಡೇವಿ! ಹೇಳ್ ಅಂವಂಗ, ಮಾದೇವಪ್ಪನ ಕತಿ ಹೇಳ್" ಅಂದ.

ಮಾದೇವಪ್ಪ ನಮ್ಮ ಪಕ್ಕದ ಮನೆಯವನು, ಅಪ್ಪನ ಜೀವದ ಗೆಳೆಯ. ನಾನು ಆರನೆಯ ಇಯತ್ತೆಯಲ್ಲಿದ್ದಾಗ ಡ್ರೈವರರ ಮುಷ್ಕರ ನಡೆಯಿತು, ಅಪ್ಪ ಕೆಲವು ತಿಂಗಳು ಸಸ್ಪೆಂಡ್ ಆದ. ಇಡೀ ಡಿಪೊದಲ್ಲಿ ಮಾದೇವಪ್ಪ ಒಬ್ಬನೇ ಒಂದು ದಿನ ಪೊಲೀಸರನ್ನು ಕೂರಿಸಿಕೊಂಡು ಬಸ್ಸು ಓಡಿಸಿದ. ಅದಾದ ಮೇಲೆ ಅವನ ಬಸ್ಸಿಗೆ ಯಾವ ಡ್ರೈವರನೂ ಕೈ ಎತ್ತಲಿಲ್ಲ. ನಾನು ಒಮ್ಮೆ ಅವನ ಬಸ್ಸಿನಲ್ಲಿ ಅಜ್ಜಿಯ ಊರಿಗೆ ಹೋಗಿದ್ದೆ. ಎದುರು ಬಂದ ಪ್ರತಿ ಬಸ್ಸಿಗೂ ಅವನೇ ಮೊದಲು ಕೈ ಎತ್ತುತ್ತಿದ್ದ. ಒಬ್ಬನೂ ತಿರುಗಿ ಎತ್ತುತ್ತಿರಲಿಲ್ಲ. ಆ ಬಸ್ಸುಗಳಲ್ಲಿ ಒಂದು ನಮ್ಮಪ್ಪನದು. ಇದೆಲ್ಲವನ್ನೂ ಅವತ್ತು ಹೆನ್ರಿಕ್‌ಗೆ ಇಂಗ್ಲಿಷಿನಲ್ಲಿ ಹೇಳಿದವನು ನಾನೇ.

ಹೆನ್ರಿಕ್ ಹೊರಡುವಾಗ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದ: "ನೀನು ಮುಷ್ಕರಕ್ಕೆ ಬರೋದು ಬೇಡ, ನಿನ್ನ ಕರಾರು ನನಗೆ ಗೊತ್ತು. ಹುಷಾರಿಲ್ಲ ಅಂತ ಫೋನ್ ಮಾಡಿ ಮನೆಯಲ್ಲಿರು. ಅಷ್ಟೇ ಕೇಳ್ತೀನಿ." ನಾನು ಅವನ ಕೈ ಹಿಡಿದು ಆಯ್ತು ಅಂದೆ. "ಏನಂದಾ?" ಅಂತ ಅಪ್ಪ ಕೇಳಿದ. "ಮನ್ಯಾಗ ಇರು ಅಂದ, ಇರ್ತೀನಿ ಅಂದೆ" ಅಂದೆ. "ಶಾಣ್ಯಾ" ಅಂದ ಅಪ್ಪ.

ಎರಡು ದಿನ ಬಿಟ್ಟು ದ್ವೀಪದ ಏಜೆನ್ಸಿಯಿಂದ ಮೇಲ್ ಬಂತು. ಮುಷ್ಕರದ ದಿನಗಳಲ್ಲಿ ಯಾರು ಹಾರಲು ಸಿದ್ಧರೋ ಅವರ ಕರಾರನ್ನು ಮೊದಲು ಮುಂದುವರಿಸುತ್ತೇವೆ ಅಂತ ಎರಡೇ ಸಾಲು. ನನ್ನ ಕರಾರು ಮುಗಿಯಲು ಎರಡು ತಿಂಗಳಿತ್ತು. ರಾತ್ರಿಯಿಡೀ ಹೊರಳಾಡಿ, ದೇವರಿಗೆ ಕೈ ಮುಗಿದು ನಿರ್ಧಾರ ಮಾಡಿದೆ ಅಂತ ಬರೆದರೆ ನಿಮಗೆ ನನ್ನ ಮೇಲೆ ಸ್ವಲ್ಪ ಕರುಣೆ ಬರುತ್ತಿತ್ತು. ಹಾಗೇನೂ ಆಗಲಿಲ್ಲ. ಒಲೆಯ ಮೇಲೆ ಹಾಲಿತ್ತು. ಹಾಲು ಉಕ್ಕುವುದರೊಳಗೆ "ನಾನು ಸಿದ್ಧ" ಅಂತ ಉತ್ತರ ಕಳಿಸಿದ್ದೆ. ಮತ್ತೆ ಅನ್ನಕ್ಕಿಡುತ್ತ ಕಿಟಕಿಯಲ್ಲಿ ಕೂರುವ ದಿನಗಳು ಬೇಡವೇ ಬೇಡ ಅನ್ನುವುದೊಂದೇ ಆಗ ತಲೆಯಲ್ಲಿದ್ದದ್ದು. ಶೈಲಾಗೆ ಹೇಳಿದಾಗ ಅವಳು, "ನನ್ನ ಸಂಬಳ ಇದೆಯಲ್ಲರೀ. ಮಾತು ಕೊಟ್ಟಿದ್ರಿ ಆ ಮನುಷ್ಯನಿಗೆ" ಅಂದಳು. ನಾನು ಅವಳ ಮೇಲೆಯೇ ರೇಗಿದೆ. ಅಪ್ಪನಿಗೆ, ಫ್ಲೋರಿಡಾದಲ್ಲಿ ಮೂರು ದಿನ ಟ್ರೇನಿಂಗ್ ಐತಿ ಅಂದೆ.

ಮುಷ್ಕರದ ಬೆಳಿಗ್ಗೆ ಸರಕು ಗೇಟಿನ ಎರಡೂ ಬದಿಗೆ ಇಪ್ಪತ್ತು ಮೂವತ್ತು ಜನ ಪೈಲಟ್‌ಗಳು ಸಾಲಾಗಿ ನಿಂತಿದ್ದರು. ಇದಕ್ಕೆ ಇಲ್ಲಿ ಪಿಕೆಟ್ ಲೈನ್ ಅನ್ನುತ್ತಾರೆ. ಘೋಷಣೆ ಇಲ್ಲ, ಕಲ್ಲು ಇಲ್ಲ. ಇಸ್ತ್ರಿ ಮಾಡಿದ ಸಮವಸ್ತ್ರ, ಟೋಪಿ, ಎದೆಯ ಮುಂದೆ ಫಲಕ. ನಮ್ಮವರಷ್ಟೇ ಅಲ್ಲ, ಬೇರೆ ಬೇರೆ ಕಂಪನಿಯ ಪೈಲಟ್‌ಗಳೂ ಬಂದಿದ್ದರು. ಊರಲ್ಲಿ ಮುಷ್ಕರ ಅಂದರೆ ಗದ್ದಲ, ಗದ್ದಲದಲ್ಲಿ ಮುಖ ಮರೆಸಿಕೊಳ್ಳಬಹುದು. ಇಲ್ಲಿನ ಮೌನದಲ್ಲಿ ಅದಕ್ಕೂ ಜಾಗವಿರಲಿಲ್ಲ. ಹಾರಲು ಒಪ್ಪಿದವರನ್ನು ತುಂಬಿಕೊಂಡು ಬಂದಿದ್ದ ಏಜೆನ್ಸಿಯ ವ್ಯಾನು ಗುರುತುಚೀಟಿ ತಪಾಸಣೆಗೆ ನಿಂತಿತು. ಕಿಟಕಿಯಿಂದ ಒಂದು ಮಾರು ದೂರದಲ್ಲಿ ಹೆನ್ರಿಕ್ ಇದ್ದ. ನಾನು ಟೋಪಿ ತೆಗೆದು ತೊಡೆಯ ಮೇಲಿಟ್ಟು, ಶೂ ಲೇಸು ಕಟ್ಟಿಕೊಳ್ಳುವವನ ಹಾಗೆ ಬಗ್ಗಿದೆ. ನನ್ನ ಶೂಗೆ ಲೇಸೇ ಇರಲಿಲ್ಲ. ಮುಷ್ಕರ ಮುರಿಯುವವನಿಗೆ ಇಲ್ಲಿ ಸ್ಕ್ಯಾಬ್ ಅನ್ನುತ್ತಾರೆ, ಗಾಯದ ಮೇಲೆ ಕಟ್ಟುವ ಹಕ್ಕಳೆಗೆ ಇರುವ ಪದವೇ ಅದು. ಅವತ್ತು ಯಾರೂ ಆ ಪದ ಆಡಲಿಲ್ಲ. ಗೇಟಿನ ಕಾವಲುಗಾರನೂ ಏನೂ ಕೇಳಲಿಲ್ಲ, ಚೀಟಿ ನೋಡಿ ವಾಪಸು ಕೊಟ್ಟ.

ಮೂರು ದಿನ ಹಾರಿದೆ. ನಾಲ್ಕನೆಯ ದಿನ ಮುಷ್ಕರ ಬಿದ್ದುಹೋಯಿತು. ವಿಮಾನಗಳು ಹಾರುತ್ತಿದ್ದರೆ ಮುಷ್ಕರ ಎಷ್ಟು ದಿನ ನಿಲ್ಲುತ್ತದೆ? ಆಮೇಲಿನ ವಾರ ಸಮುದ್ರದ ಮೇಲೆ, ಹಾಡುಹಗಲಲ್ಲೇ, ನಮ್ಮ ಕಂಪನಿಯ ವಿಮಾನವೊಂದು ಎದುರು ಬಂತು. ನಾನು ದೀಪ ಮಿಣುಕಿಸಿದೆ. ಅದು ಸುಮ್ಮನೆ ಹೋಯಿತು. ನೋಡಿರಲಿಕ್ಕಿಲ್ಲ ಅಂದುಕೊಂಡೆ.

ಅಪ್ಪ ಊರಿಗೆ ಮರಳಲು ಹತ್ತು ದಿನ ಇರುವಾಗ, "ನೀ ಗಾಡಿ ಹತ್ತೋ ಜಾಗಾ ತೋರ್ಸೋ, ಊರಾಗ ಹೇಳಬೇಕು" ಅಂತ ಹಟ ಹಿಡಿದ. ಶನಿವಾರ ಬೆಳಿಗ್ಗೆ ಕರೆದುಕೊಂಡು ಹೋದೆ. ಗೇಟಿನ ಹೊರಗೆ ರಸ್ತೆ ಬದಿಯಲ್ಲಿ ನಿಂತು, ಒಂದಾದ ಮೇಲೊಂದು ಇಳಿಯುವ ವಿಮಾನಗಳನ್ನು ನೋಡುತ್ತ, "ಬ್ರೇಕು ಹೆಂಗ್ ಹಿಡೀತಾವಲೇ ಇವಕ್ಕ?" ಅಂತ ಕೇಳುತ್ತಿದ್ದ. ಅಷ್ಟರಲ್ಲಿ ಗೇಟಿನೊಳಗಿಂದ ಹಸಿರು ಕಾರು ಬಂತು.

"ನಮ್ಮ ಹೆನ್ರಿಕ್!" ಅಂದವನೇ ಅಪ್ಪ ರಸ್ತೆಗೆ ಒಂದು ಹೆಜ್ಜೆ ಮುಂದೆ ಬಂದು ಕೈ ಎತ್ತಿದ. ಕಾರು ನಿಧಾನವಾಯಿತು. ಹೆನ್ರಿಕ್ ಅಪ್ಪನನ್ನು ನೋಡಿದ, ಮುಖ ಅರಳಿತು, ಸ್ಟೇರಿಂಗಿನಿಂದ ಕೈ ಮೇಲೆದ್ದಿತು. ಆಮೇಲೆ ಹಿಂದೆ ನಿಂತ ನನ್ನನ್ನು ನೋಡಿದ. ಕೈ ಮತ್ತೆ ಸ್ಟೇರಿಂಗಿಗೆ ಹೋಯಿತು. ಕಾರು ಹೊರಟುಹೋಯಿತು.

ಅಪ್ಪನ ಕೈ ಇನ್ನೂ ಮೇಲೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಅದನ್ನು ಇಳಿಸಿ, ತಲೆಯ ಮೇಲಿನ ಉಣ್ಣೆ ಟೋಪಿ ಸರಿಮಾಡಿಕೊಂಡ.

"ನೋಡಿರಲಿಕ್ಕಿಲ್ಲ" ಅಂದೆ.

"ನೋಡ್ಯಾನ" ಅಂದ ಅಪ್ಪ.

ವಾಪಸು ಬರುವಾಗ ಎಷ್ಟೋ ಬಸ್ಸುಗಳು ಎದುರಾದವು. ಅಪ್ಪನ ಎರಡೂ ಕೈ ತೊಡೆಯ ಮೇಲಿದ್ದವು. ಸ್ಟೇಟನ್ ಐಲೆಂಡ್ ದಾಟುವಾಗ ಮುಂದೆ ನೋಡುತ್ತಲೇ ಕೇಳಿದ.

"ಎಷ್ಟ್ ದಿನ ಹೊಡದಿ ಗಾಡಿ?"

ಸುಳ್ಳು ಹೇಳಲು ಬಾಯಿ ತೆಗೆದೆ, ಬರಲಿಲ್ಲ. "ಮೂರು" ಅಂದೆ.

"ಪೊಲೀಸ್ರಿದ್ರೇನು?"

"ಇಲ್ಲಪ್ಪಾ."

"ಮಾದೇವಪ್ಪನ ಮನಿಗೆ ನಾಕ್ ಮಂದಿ ಪೊಲೀಸ್ರು ಬಂದಿದ್ರು. ಹೆದರಿಸಿ ಗಾಡಿ ಹತ್ತಿಸಿದ್ರು ಅಂವನ್ನ. ಆದ್ರೂ ನಾ ಅಂವಂಗ ಕೈ ಎತ್ತಲಿಲ್ಲ, ರಿಟೈರ್ ಆಗೂತನಕ." ನನ್ನ ಕಡೆ ತಿರುಗಿದ. "ನಿನ್ನ ಯಾರು ಹೆದರಿಸಿದ್ರೋ ತಮ್ಮಾ?"

ಈ ವಯಸ್ಸಿನಲ್ಲಿ, ಅಷ್ಟು ದೂರದಿಂದ ಬಂದು, ಬೇರೆ ದೇಶದ ರಸ್ತೆಯಲ್ಲಿ ನನ್ನಪ್ಪ ಎತ್ತಿದ ಕೈ ಹಾಗೇ ಉಳಿಯಿತಲ್ಲ, ಅದು ನನ್ನಿಂದ. ನಾಚಿಕೆ ಅಂದರೆ ಮುಖ ಬಿಸಿಯಾಗುವುದು ಅಂದುಕೊಂಡಿದ್ದೆ. ಹಾಗಲ್ಲ, ಕೈಕಾಲು ತಣ್ಣಗಾಗುತ್ತವೆ.

ಅದೇ ಸಂಜೆ ದ್ವೀಪದಿಂದ ಮೇಲ್ ಬಂತು. ಕರಾರು ಇನ್ನೆರಡು ವರ್ಷ ಮುಂದುವರಿದಿತ್ತು. ಯಾರಿಗೂ ಓದಿ ಹೇಳಲಿಲ್ಲ. ಈಗ ಗೇಟಿನಲ್ಲಿ ಕೇಳಿದರೆ ಒಂದೇ ಉಸಿರಿಗೆ ಕಂಪನಿಯ ಹೆಸರು ಹೇಳುತ್ತೇನೆ. ಆದರೆ ಕಂಪನಿಗೆ ನಾನು ಏಜೆನ್ಸಿಯವನು, ಏಜೆನ್ಸಿಗೆ ಒಂದು ನಂಬರು, ಪೈಲಟ್‌ಗಳಿಗೆ ಆ ಹಕ್ಕಳೆ. ಗದಗಿನಲ್ಲಾದರೂ ಒಂದು ಜಾಗ ಇತ್ತು, ಡ್ರೈವರ್ ಶಿವಪ್ಪನ ಮಗ ಅಂತ.

ಮರುದಿನ ಬೆಳಿಗ್ಗೆ ಡ್ಯೂಟಿ ಇತ್ತು. ಸಮವಸ್ತ್ರ ಹಾಕಿ ಕಾರು ಹೊರಡಿಸಿದೆ. ಅಪ್ಪ ಬರುವುದಿಲ್ಲ ಅಂದುಕೊಂಡಿದ್ದೆ. ಬಂದಿದ್ದ, ಪಾರ್ಕಿಂಗ್ ಲಾಟಿನ ತುದಿಯಲ್ಲಿ ಎಂದಿನ ಜಾಗದಲ್ಲೇ ನಿಂತಿದ್ದ, ನಾನು ಕೊಡಿಸಿದ ಜಾಕೆಟ್ಟಿನ ಜೇಬುಗಳಲ್ಲಿ ಕೈ ಇಟ್ಟುಕೊಂಡು. ಹತ್ತಿರ ಬಂದಾಗ ನಾನೇ ಮೊದಲು ಕೈ ಎತ್ತಿದೆ.

ಅಪ್ಪ ನನ್ನ ಕೈಯನ್ನು ನೋಡಿದ. ಜೇಬಿನೊಳಗೆ ಅವನ ಕೈ ಅಲುಗಿದ್ದು ಕಂಡಿತು, ಹೊರಗೆ ಬರಲಿಲ್ಲ. ಕಿಟಕಿಯ ಹತ್ತಿರಕ್ಕೆ ಬಂದು ಬಗ್ಗಿದ.

"ಬುತ್ತಿ ತಗೊಂಡೀಯಿಲ್ಲೋ?" ಅಂದ.

"ತಗೊಂಡೀನಪ್ಪಾ."

"ಹೊತ್ತಿಗೆ ಸರಿಯಾಗಿ ಉಣ್ಣು" ಅಂದು, ತಿರುಗಿ ಮನೆಯ ಕಡೆ ಹೋದ.